ಬಾಟಲಿಯ ಎತ್ತರ, ಕ್ಯಾನುಲಾದ ಬಣ್ಣ

ದಾವಣಗೆರೆಯಲ್ಲಿ ನರ್ಸಿಂಗ್ ಓದುವ ಮಕ್ಕಳಿಗೆ ನಾನು ಶರೀರಶಾಸ್ತ್ರ ಹೇಳಿಕೊಡುತ್ತೇನೆ. ರಕ್ತದ ಹರಿವಿನ ಪಾಠ ಬಂದರೆ ಸೂತ್ರ ಆಮೇಲೆ. ಮೊದಲು ಡ್ರಿಪ್ ಸ್ಟ್ಯಾಂಡ್ ತರಿಸುತ್ತೇನೆ.

ಅವಧಿ ಮುಗಿದ ಸಲೈನ್, ಐವಿ ಸೆಟ್ (ಡ್ರಿಪ್‌ನ ಪೈಪು), ಒಂದು ಹಸಿರು ಕ್ಯಾನುಲಾ, ಒಂದು ನೀಲಿ, ಅಳತೆ ಜಾರ್. ಕ್ಯಾನುಲಾ ಅಂದರೆ ರಕ್ತನಾಳದೊಳಗೆ ಕೂರಿಸುವ ಸಣ್ಣ ಕೊಳವೆ; ಬಣ್ಣ ಅದರ ಅಳತೆ ಹೇಳುತ್ತದೆ, ಹಸಿರು ಅಗಲ, ನೀಲಿ ಸಪೂರ. ಟೈಮ್ ನೋಡೋಕೆ ಮೊಬೈಲ್ ಇದ್ದೇ ಇದೆ. ಡ್ರಿಪ್ ನಿಧಾನವಾದರೆ ಏನು ಮಾಡ್ತೀರಿ ಅಂತ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: ಬಾಟಲಿ ಮೇಲಕ್ಕೆ ಎತ್ತುತ್ತೇವೆ. ಸರಿ, ಎತ್ತಿ ನೋಡೋಣ.

ನೀಲಿ ಹಾಕಿ ಮೊದಲು ಅರ್ಧ ಮೀಟರ್ ಎತ್ತರ, ಆಮೇಲೆ ಒಂದು ಮೀಟರ್. ಎತ್ತರ ಅಳೆಯಬೇಕಾದ್ದು ನೆಲದಿಂದ ಅಲ್ಲ, ಕ್ಯಾನುಲಾದ ತುದಿಯಿಂದ ಬಾಟಲಿಯೊಳಗಿನ ನೀರಿನ ಮಟ್ಟಕ್ಕೆ. ಹರಿವು ಹೊಂದಿಸುವ ಚಕ್ರ, ಅಂದರೆ ರೋಲರ್, ಪೂರ್ತಿ ಬಿಚ್ಚಿರಬೇಕು, ಪೈಪಿನಲ್ಲಿ ಗಾಳಿ ಇರಬಾರದು. ಒಂದು ಮೀಟರ್ ನೀರಿನ ಒತ್ತಡ ಅಂದರೆ ಸುಮಾರು 74 ಮಿ.ಮೀ. ಪಾದರಸ. ಒತ್ತಡ ಎರಡು ಪಟ್ಟಾದರೆ ಹರಿವು ಹೆಚ್ಚೆಂದರೆ ಎರಡು ಪಟ್ಟು. ಈಗ ಬಾಟಲಿಯನ್ನು ಮತ್ತೆ ಕೆಳಗಿಳಿಸಿ ಹಸಿರು ಹಾಕುತ್ತೇನೆ. ಅರ್ಧ ಮೀಟರಿನ ಹಸಿರು, ಒಂದು ಮೀಟರಿನ ನೀಲಿಯನ್ನು ಹಿಂದೆ ಹಾಕುತ್ತದೆ. ಕ್ಲಾಸು ಎಚ್ಚರವಾಗುವುದು ಇಲ್ಲೇ.

ಆಗ ಸೂತ್ರ ಬರೆಯುತ್ತೇನೆ. ಫ್ರಾನ್ಸಿನ ವೈದ್ಯ ಪ್ವಾಸೆಯ್ 1840ರ ಹೊತ್ತಿಗೆ ಸಪೂರ ಗಾಜಿನ ಕೊಳವೆಗಳಲ್ಲಿ ನೀರು ಹರಿಸಿ ಕಂಡುಕೊಂಡದ್ದು ಇದು. ಹರಿವು ಎರಡು ತುದಿಗಳ ಒತ್ತಡದ ವ್ಯತ್ಯಾಸಕ್ಕೆ ತಕ್ಕಂತೆ ಏರುತ್ತದೆ, ಆದರೆ ಅಗಲದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಅಗಲ ಅರ್ಧವಾದರೆ ಹರಿವು 16ರಲ್ಲಿ ಒಂದು ಪಾಲು. ಬರೀ ಶೇ. 20 ಕಿರಿದಾದರೂ ಉಳಿಯುವುದು ಶೇ. 41.

ಚುರುಕಾದ ಮಕ್ಕಳು ಇಲ್ಲಿ ಹಿಡಿಯುತ್ತಾರೆ. ಪ್ಯಾಕೆಟ್ ಮೇಲೆ ಹಸಿರಿಗೆ ನಿಮಿಷಕ್ಕೆ ಸುಮಾರು 90 ಮಿ.ಲೀ., ನೀಲಿಗೆ 36 ಅಂತ ಇರುತ್ತದೆ. ಅಂದರೆ ಎರಡೂವರೆ ಪಟ್ಟು ಅಷ್ಟೇ. ಒಳಗಿನ ಅಗಲ ಲೆಕ್ಕ ಹಾಕಿದರೆ ಇನ್ನೂ ಜಾಸ್ತಿ ಬರಬೇಕು, ಅಲ್ವಾ? ಬರಬೇಕು. ಆದರೆ ನೀಲಿ ಗಿಡ್ಡ, ಉದ್ದ ಕಮ್ಮಿಯಾದರೆ ತಡೆಯೂ ಕಮ್ಮಿ. ಜೊತೆಗೆ ಸೆಟ್ಟಿನ ಪೈಪೂ ತಡೆಯುತ್ತದೆ. ಮೇಲಾಗಿ ಪ್ವಾಸೆಯ್ ಲೆಕ್ಕ ಸುಳಿಯಿಲ್ಲದೆ ನಯವಾಗಿ ಹರಿಯುವ ದ್ರವಕ್ಕೆ. ಈ ಪ್ರಶ್ನೆ ಬಾರದ ವರ್ಷ ನನಗೆ ಪಾಠ ಸಪ್ಪೆ ಅನ್ನಿಸುತ್ತದೆ.

ಚನ್ನಗಿರಿ ಕಡೆ ಅಡಿಕೆ ತೋಟದ ಮಕ್ಕಳ ತಕರಾರು ಬೇರೆ. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ಜೋರಾಗಿ ಚಿಮ್ಮುತ್ತದಲ್ಲ? ಚಿಮ್ಮುತ್ತದೆ, ವೇಗ ಹೆಚ್ಚುತ್ತದೆ. ಆದರೆ ಬಕೆಟ್ ತುಂಬಲು ಹೆಚ್ಚು ಹೊತ್ತು ಬೇಕು. ವೇಗ ಬೇರೆ, ಹರಿವು ಬೇರೆ. ಹಾಗಾದರೆ ಕೂದಲಿಗಿಂತ ಸಣ್ಣ ಲೋಮನಾಳದಲ್ಲಿ ರಕ್ತ ಯಾಕೆ ನಿಧಾನ? ಒಂದೊಂದೂ ಸಣ್ಣದೇ, ಆದರೆ ಕೋಟಿಗಟ್ಟಲೆ ಇವೆ. ಎಲ್ಲದರ ಬಾಯಿಯ ವಿಸ್ತೀರ್ಣ ಕೂಡಿಸಿದರೆ ಮಹಾಧಮನಿಯದ್ದಕ್ಕಿಂತ ನೂರಾರು ಪಟ್ಟು. ಅದಕ್ಕೇ ಅಲ್ಲಿ ಸೆಕೆಂಡಿಗೆ ಒಂದು ಮಿಲಿಮೀಟರಿಗೂ ಕಮ್ಮಿ ಸಾಗುತ್ತದೆ. ಆಮ್ಲಜನಕ ಇಳಿಸಲು ಹೊತ್ತು ಬೇಕಲ್ಲ.

ನಮ್ಮ ದೇಹ ಬಾಟಲಿ ಎತ್ತುವುದಕ್ಕಿಂತ ಕ್ಯಾನುಲಾ ಬದಲಿಸುವುದನ್ನೇ ಹೆಚ್ಚು ನಂಬುತ್ತದೆ. ಓಡುವಾಗ ಕಾಲಿನ ಸ್ನಾಯುಗಳಿಗೆ ರಕ್ತ ಎಷ್ಟೋ ಪಟ್ಟು ಹೆಚ್ಚುತ್ತದೆ, ಸರಾಸರಿ ಬಿಪಿ ಏರುವುದು ಸ್ವಲ್ಪವೇ. ಕಿರುಧಮನಿಗಳು ಅಗಲವಾಗುತ್ತವೆ, ಅಷ್ಟೇ. ರಕ್ತದ ಒತ್ತಡ ಹೆಚ್ಚು ಇಳಿಯುವುದೂ ಅಲ್ಲೇ.

ವಾರ್ಡಿಗೆ ಹೋದ ಮೇಲೆ ಅಮ್ಲೋಡಿಪಿನ್ ಅನ್ನುವ ಬಿಪಿ ಮಾತ್ರೆ ತೋರಿಸುತ್ತೇನೆ. ಅದು ಕಿರುಧಮನಿಯ ಗೋಡೆಯನ್ನು ಸಡಿಲಿಸಿ ಬಿಪಿ ಇಳಿಸುತ್ತದೆ. ಕೆಲವು ರೋಗಿಗಳಿಗೆ ಪಾದ ಊದುತ್ತದೆ. ಬರುವ ದಾರಿ ಅಗಲವಾಯಿತು, ಹೋಗುವ ದಾರಿ, ಅಂದರೆ ಸಿರೆಯ ಕಡೆ, ಅಷ್ಟು ಆಗಲಿಲ್ಲ. ಲೋಮನಾಳದಲ್ಲಿ ಒತ್ತಡ ಏರಿ ನೀರು ಹೊರಗೆ ಜಿನುಗುತ್ತದೆ. ಉಪ್ಪು ತಿಂದಿದ್ದಕ್ಕೇ ಹೀಗಾಯ್ತು ಅಂತ ಸುಮ್ನೆ ಬೈಯದೆ, ಡಾಕ್ಟರಿಗೆ ಮಾತ್ರೆಯ ಹೆಸರು ಹೇಳಿ ಅಂತ ಮಕ್ಕಳಿಗೆ ಹೇಳುತ್ತೇನೆ.