ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್‌ನಲ್ಲಿ ಕಾರು ಪ್ರವಾಸ: ಮಾರ್ಗ ಹಾಕಿಕೊಳ್ಳುವ ಬಗೆ

ಮೊದಲ ಬಾರಿಗೆ ಹೋಗುವವರು ಇಡೀ ಉತ್ತರ ಕರಾವಳಿಯನ್ನು ಸುತ್ತುವ ಆಸೆಯನ್ನು ಬದಿಗಿಟ್ಟು, ಗ್ಲಾಸ್ಗೋದಿಂದ ಸ್ಕೈ ದ್ವೀಪದವರೆಗಿನ ಮಾರ್ಗವನ್ನು ಆರಿಸಿಕೊಳ್ಳುವುದು ಒಳಿತು. ಎ82 ರಸ್ತೆಯು ಲಾಕ್ ಲೋಮಂಡ್ ಸರೋವರದ ದಡದಲ್ಲಿ ಸಾಗಿ, ರಾನಕ್ ಮೂರ್‌ನ ಬಯಲು ಜೌಗನ್ನು ದಾಟಿ, ಗ್ಲೆನ್‌ಕೋ ಕಣಿವೆಗೆ ಇಳಿದು ಫೋರ್ಟ್ ವಿಲಿಯಂ ತಲುಪುತ್ತದೆ. ಅಲ್ಲಿಂದ ಎ830 ಹಿಡಿದರೆ, 21 ಕಮಾನುಗಳ ಗ್ಲೆನ್‌ಫಿನನ್ ರೈಲು ಸೇತುವೆಯನ್ನು ನೋಡಿಕೊಂಡು ಮ್ಯಾಲೇಗ್ ಬಂದರಿಗೆ ಹೋಗಬಹುದು. ಅಲ್ಲಿ ಕಾರುಸಹಿತ ಫೆರಿ ಹತ್ತಿ ಸ್ಕೈನ ಆರ್ಮಡೇಲ್‌ನಲ್ಲಿ ಇಳಿಯಬೇಕು. ಬೇಸಿಗೆಯಲ್ಲಾದರೆ ಟಿಕೆಟ್ಟನ್ನು ಮುಂಗಡವಾಗಿ ಕಾಯ್ದಿರಿಸದೆ ಹೊರಡಬಾರದು. ಮರಳುವಾಗ ಸ್ಕೈ ಸೇತುವೆ ದಾಟಿದರೆ ಐಲಿಯನ್ ಡೋನನ್ ಕೋಟೆ ದಾರಿಯಲ್ಲೇ ಸಿಗುತ್ತದೆ.

ನಕ್ಷೆಯ ದೂರ ನೋಡಿ ಸಮಯ ಲೆಕ್ಕ ಹಾಕಿದರೆ ಮೋಸ ಹೋಗುತ್ತೀರಿ. ಫಲಕಗಳಲ್ಲಿರುವುದು ಮೈಲಿ, ಕಿಲೋಮೀಟರ್ ಅಲ್ಲ. ಒಳರಸ್ತೆಗಳಲ್ಲಿ ಅನೇಕವು ಒಂದೇ ವಾಹನ ಹಿಡಿಸುವಷ್ಟು ಕಿರಿದಾಗಿದ್ದು, ಅಲ್ಲಲ್ಲಿ ದಾರಿ ಬಿಡಲು ಅಗಲವಾದ ಜಾಗಗಳಿರುತ್ತವೆ. ಅಂಥ ಜಾಗ ನಿಮ್ಮ ಎಡಕ್ಕಿದ್ದರೆ ಅದರೊಳಗೆ ಸರಿಯಬೇಕು. ಬಲಕ್ಕಿದ್ದರೆ ಅದರ ಎದುರಿಗೆ ರಸ್ತೆಯಲ್ಲೇ ನಿಂತು, ಎದುರಿನ ವಾಹನ ಅದನ್ನು ಬಳಸಿಕೊಂಡು ಸಾಗಲು ಬಿಡಬೇಕು. ಹಿಂದೆ ಬರುವ ಸ್ಥಳೀಯರಿಗೂ ಹೀಗೆಯೇ ದಾರಿ ಕೊಡಬೇಕು. ಫೋಟೊ ತೆಗೆಯಲು ಅಲ್ಲಿ ಕಾರು ನಿಲ್ಲಿಸುವುದಂತೂ ಸಲ್ಲದು.

ನಮ್ಮಲ್ಲಿಯಂತೆ ಅಲ್ಲಿಯೂ ಎಡಬದಿಯಲ್ಲೇ ಚಾಲನೆ. ಪ್ರವಾಸಿಗರು ಭಾರತದ ಚಾಲನಾ ಪರವಾನಗಿಯಲ್ಲಿ 12 ತಿಂಗಳವರೆಗೆ ಸಣ್ಣ ವಾಹನ ಓಡಿಸಬಹುದು. ಡಿಸೆಂಬರ್‌ನಲ್ಲಿ ಮಧ್ಯಾಹ್ನ ನಾಲ್ಕಕ್ಕೆಲ್ಲ ಕತ್ತಲಾಗುವುದರಿಂದ, ಮೇ ಅಥವಾ ಸೆಪ್ಟೆಂಬರ್ ನನ್ನ ಆಯ್ಕೆ.