ಮುಳಶಿ ಸುತ್ತಿ ಲೋಣಾವಳಕ್ಕೆ: ಸಹ್ಯಾದ್ರಿಯ ಅಂಚಿನಲ್ಲಿ ಸೈಕಲ್ ಹೊಡೆದ ಬಗೆ

ಪುಣೆಯಲ್ಲಿ ಸೈಕಲ್ ಹೊಡೆಯುವವರಿಗೆ ಮುಳಶಿ ಹೊಸದಲ್ಲ. ಭಾನುವಾರ ಬೆಳಗ್ಗೆ ಚಾಂದನಿ ಚೌಕ್ ದಾಟಿ, ಪೌಡ್‌ವರೆಗೆ ಹೋಗಿ, ಪೋಹೆ ತಿಂದು ವಾಪಸ್ ಬರುವವರು ಬೇಕಾದಷ್ಟು ಜನ ಇದ್ದಾರೆ. ನಾನೂ ತುಂಬಾ ದಿನ ಅಷ್ಟೇ ಮಾಡುತ್ತಿದ್ದೆ. ಆದರೆ ನಾನು ಅಫಜಲಪುರ ಕಡೆಯವನು, ಭೀಮಾ ದಂಡೆಯವನು. ಮುಳಶಿಯಲ್ಲಿ ಅಣೆಕಟ್ಟು ಕಟ್ಟಿರುವುದು ಮುಳಾ ನದಿಗೆ. ಮುಳಾ ಪುಣೆಯಲ್ಲಿ ಮುಠಾ ಜೊತೆ ಸೇರಿ, ದೌಂಡ್ ಕಡೆ ಭೀಮೆಗೆ ಕೂಡಿ, ಉಜನಿ, ಪಂಢರಪುರ ದಾಟಿ ನಮ್ಮ ಊರಿಗೆ ಬರುತ್ತದೆ. ಆ ನೀರು ಹುಟ್ಟುವ ಕಾಡನ್ನು ಕಾರಿನ ಕಿಟಕಿಯಿಂದ ನೋಡಿದರೆ ಸಾಲದು, ಕಾಲಿನ ಬಲದಿಂದಲೇ ಸುತ್ತಬೇಕು ಅನ್ನಿಸಿತು.

ದಾರಿ ಹೀಗಿದೆ. ಕೋಥ್ರೂಡ್‌ನಿಂದ ಹೊರಟು ಪಿರಂಗುಟ್, ಪೌಡ್, ಮುಳಶಿ. ಅಲ್ಲಿಂದ ಕೆರೆಯ ದಕ್ಷಿಣ ದಂಡೆ ಹಿಡಿದು ತಾಮ್ಹಿಣಿ ಕಡೆ ಹೋಗಬೇಕು. ನಿವೆ ಹತ್ತಿರ ಬಲಕ್ಕೆ ತಿರುಗಿದರೆ ಪಿಂಪ್ರಿ, ಭಾಂಬರ್ಡೆ, ಸಾಲ್ತರ್, ಆಮೇಲೆ ಕೋರಿಗಡ ಕೋಟೆಯ ಬುಡ, ಆಂಬಿ ವ್ಯಾಲಿ ರಸ್ತೆ, ಲೋಣಾವಳ. ಕೊನೆಗೆ ಹಳೇ ಮುಂಬೈ ರಸ್ತೆಯಲ್ಲಿ ಮನೆ. ಒಟ್ಟು ಸುಮಾರು 170ರಿಂದ 180 ಕಿ.ಮೀ. ಎಕ್ಸ್‌ಪ್ರೆಸ್‌ವೇ ಮೇಲೆ ಸೈಕಲ್ ಬಿಡುವುದಿಲ್ಲ, ಹಾಗಾಗಿ ಬರುವಾಗ ಹಳೇ ರಸ್ತೆಯೇ ಗತಿ.

ಕೆಲವರು ಇದನ್ನು ಉಲ್ಟಾ ಮಾಡುತ್ತಾರೆ, ಬೆಳಗ್ಗೆ ಹೆದ್ದಾರಿ, ಮಧ್ಯಾಹ್ನ ಕಾಡು. ನನಗೆ ಅದು ಸರಿ ಕಾಣುವುದಿಲ್ಲ. ಕಾಲಿಗೆ ಕಸುವು ಇರುವಾಗಲೇ ಕಾಡಿನ ಏರು ಮುಗಿಯಬೇಕು. ಉಲ್ಟಾ ಹೋದರೆ ಸಂಜೆ ಸುಸ್ತಾಗಿರುವ ಹೊತ್ತಿಗೆ ಪೌಡ್ ರಸ್ತೆಯ ಟ್ರಾಫಿಕ್ಕು, ಮೇಲೆ ಪಿರಂಗುಟ್‌ನಿಂದ ಭೂಗಾಂವ್‌ಗೆ ಹತ್ತುವ ಏರು. ಮುಳಶಿಯಿಂದ ಶುರು ಮಾಡಿದರೆ ಕೊನೆಯ 65 ಕಿ.ಮೀ. ಅಗಲವಾದ ರಸ್ತೆ, ಒಟ್ಟಾರೆ ಇಳಿಜಾರೇ ಜಾಸ್ತಿ.

ನನ್ನ ಸೈಕಲ್‌ಗೆ 35 ಎಂ.ಎಂ. ಟಯರ್ ಹಾಕಿಸಿದ್ದೇನೆ. ನಿವೆ ದಾಟಿದ ಮೇಲೆ ಡಾಂಬರು ಅಲ್ಲಲ್ಲಿ ಕಿತ್ತು ಹೋಗಿರುತ್ತದೆ, ಸಣ್ಣ ಟಯರ್‌ನವರ ಕೈ, ಭುಜ ಎರಡೂ ನೋಯುತ್ತವೆ. ಹಿಂದಿನ ಗೇರ್ ದೊಡ್ಡದಿರಲಿ, 34 ಹಲ್ಲಿನದು ಇದ್ದರೆ ಒಳ್ಳೆಯದು. ಚೀಲ ಬೆನ್ನ ಮೇಲೆ ಬೇಡ, ಸೈಕಲ್‌ಗೇ ಕಟ್ಟಿ. ಎರಡು ಟ್ಯೂಬ್, ಪಂಪು, ಪ್ಯಾಚ್, ಚೈನ್ ಕೂಡಿಸುವ ಕೊಂಡಿ, ಮುಂದೆ ಹಿಂದೆ ಲೈಟು. ತಿನ್ನಲಿಕ್ಕೆ ನಾನು ಒಯ್ಯುವುದು ಅವ್ವ ಕಳಿಸುವ ಶೇಂಗಾ ಹೋಳಿಗೆ. ಅಂಗಡಿಯ ಎನರ್ಜಿ ಬಾರ್‌ಗಳಿಗಿಂತ ಅದೇ ಎಷ್ಟೋ ಮೇಲು. ಬೆಲ್ಲ ಇದೆ, ಎಣ್ಣೆಯ ಅಂಶ ಇದೆ, ಕೆಡುವುದಿಲ್ಲ, ಜೇಬಿನಲ್ಲಿ ಕರಗುವುದೂ ಇಲ್ಲ.

ಕತ್ತಲಿರುವಾಗಲೇ ಹೊರಟೆವು. ಜೊತೆಗೆ ಧಾರವಾಡದ ಅಣ್ಣ ಒಬ್ಬರಿದ್ದರು. ನನಗಿಂತ ವಯಸ್ಸಿನಲ್ಲಿ ದೊಡ್ಡವರು, ಏರು ಹತ್ತುವುದರಲ್ಲಿ ನನಗಿಂತ ಗಟ್ಟಿ. ಪೌಡ್‌ವರೆಗೆ ಹೇಳುವಂಥದ್ದೇನಿಲ್ಲ. ಮುಳಶಿ ದಾಟಿದ ಮೇಲೆ ಬಲಗಡೆ ಕೆರೆ ತೆರೆದುಕೊಂಡಿತು. ಅಕ್ಟೋಬರ್ ತಿಂಗಳು, ಕೆರೆ ತುಂಬಿತ್ತು, ದಂಡೆಯ ಗದ್ದೆಗಳಲ್ಲಿ ಭತ್ತ ಹಣ್ಣಾಗುತ್ತಿತ್ತು. ನೀರು ಒಮ್ಮೆ ಮರಗಳ ಹಿಂದೆ ಮರೆಯಾಗುತ್ತದೆ, ಇನ್ನೊಂದು ತಿರುವಿನಲ್ಲಿ ರಸ್ತೆಯ ಪಕ್ಕಕ್ಕೇ ಬಂದು ನಿಲ್ಲುತ್ತದೆ.

ಇಷ್ಟು ಚಂದದ ನೀರಿನ ಕೆಳಗೆ ಊರುಗಳಿವೆ ಎನ್ನುವುದನ್ನು ಮರೆಯಬಾರದು. ಟಾಟಾ ಕಂಪನಿ ಮುಂಬೈಗೆ ವಿದ್ಯುತ್ ಕೊಡಲು ಈ ಅಣೆಕಟ್ಟು ಕಟ್ಟಲು ಹೊರಟಾಗ ಇಲ್ಲಿಯ ರೈತರು 1921ರಲ್ಲಿ ಸತ್ಯಾಗ್ರಹ ಹೂಡಿದರು. ಅವರ ಮುಂದಾಳು ಪಾಂಡುರಂಗ ಮಹಾದೇವ ಬಾಪಟ್. ಅವರಿಗೆ 'ಸೇನಾಪತಿ' ಎಂಬ ಹೆಸರು ಬಂದದ್ದೇ ಈ ಹೋರಾಟದಿಂದ. ಅಣೆಕಟ್ಟು ನಿಲ್ಲಲಿಲ್ಲ. ಭತ್ತದ ಗದ್ದೆ, ಗುಡಿ, ಮನೆ ಎಲ್ಲ ಮುಳುಗಿದವು. ದೇಶದಲ್ಲಿ ಅಣೆಕಟ್ಟಿನ ವಿರುದ್ಧ ನಡೆದ ಮೊದಮೊದಲ ಹೋರಾಟಗಳಲ್ಲಿ ಇದೂ ಒಂದು. ಇಲ್ಲಿಗೆ ಬಂದು ಬರೀ ಸೆಲ್ಫಿ ತೆಗೆದುಕೊಂಡು ಹೋಗುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ನಿವೆಯಲ್ಲಿ ಎರಡು ಬಾಟಲಿಯೂ ತುಂಬಿಸಿಕೊಂಡೆವು, ಜೊತೆಗೆ ಇನ್ನೊಂದು ಲೀಟರ್ ಬೇರೆ. ಇಲ್ಲಿಂದ ಲೋಣಾವಳದವರೆಗೆ ಸುಮಾರು 50 ಕಿ.ಮೀ. ಅಂಗಡಿ ಸಿಕ್ಕರೆ ಪುಣ್ಯ. ಮೊಬೈಲ್‌ಗೆ ಸಿಗ್ನಲ್ ಇಲ್ಲ. ಈ ಸುತ್ತಿನ ಜೀವ ಇರುವುದು ಈ ತುಂಡಿನಲ್ಲೇ.

ಇದು ಸಹ್ಯಾದ್ರಿಯ ತುಟ್ಟತುದಿಯ ಅಂಚು. ಎಡಗಡೆ ನೆಲ ಒಮ್ಮೆಲೇ ಕುಸಿದು ಕೊಂಕಣಕ್ಕೆ ಇಳಿಯುತ್ತದೆ, ಬಲಗಡೆ ಮುಳಶಿ ಕೆರೆಯ ಕಣಿವೆ. ಹೆಂಚಿನ ಮನೆಯ ನೆತ್ತಿ ಇದ್ದ ಹಾಗೆ: ಎಡಕ್ಕೆ ಬಿದ್ದ ಮಳೆ ಅರಬ್ಬೀ ಸಮುದ್ರಕ್ಕೆ, ಬಲಕ್ಕೆ ಬಿದ್ದದ್ದು ಭೀಮಾ, ಕೃಷ್ಣಾ ಹಿಡಿದು ಬಂಗಾಳ ಕೊಲ್ಲಿಗೆ. ಹೋಗಬೇಕಾದದ್ದು ಹಾಗೆ. ಆದರೆ ಪೂರ್ವಕ್ಕೆ ಹರಿಯಬೇಕಾದ ಮುಳಶಿಯ ನೀರನ್ನು ಪಶ್ಚಿಮಕ್ಕೆ ತಿರುಗಿಸಿ, ಸುಮಾರು 500 ಮೀಟರ್ ಕೆಳಗಿನ ಭಿರಾ ವಿದ್ಯುತ್ ಕೇಂದ್ರಕ್ಕೆ ಪೈಪಿನಲ್ಲಿ ಇಳಿಸುತ್ತಾರೆ. 1927ರಿಂದ ಇದು ನಡೆದುಕೊಂಡು ಬಂದಿದೆ. ಆ ನೀರು ಕುಂಡಲಿಕಾ ನದಿ ಸೇರುತ್ತದೆ. ಕೋಲಾಡ್‌ನಲ್ಲಿ ರಾಫ್ಟಿಂಗ್ ಮಾಡುವವರು ತೇಲುವುದು ಇದೇ ನೀರಿನ ಮೇಲೆ. ಪಿಂಪ್ರಿ ಹತ್ತಿರ ರಸ್ತೆ ಬದಿಯಲ್ಲಿ ನಿಂತು ಕುಂಡಲಿಕಾ ಕಣಿವೆ ನೋಡಿದಾಗ ಎದೆ ಭಾರವಾಯಿತು. ಇಲ್ಲಿ ಬೀಳುವ ಮಳೆಯ ಹತ್ತರಲ್ಲೊಂದು ಪಾಲು ನಮ್ಮ ಕಡೆ ಬಿದ್ದರೆ ಅದೇ ಒಳ್ಳೆಯ ವರ್ಷ. ಬೇಸಿಗೆಯಲ್ಲಿ ನಮ್ಮೂರ ಭೀಮೆಯಲ್ಲಿ ಮರಳಷ್ಟೇ ಕಾಣುವುದನ್ನು ನೋಡುತ್ತಾ ಬೆಳೆದವನು ನಾನು.

ಅಂಧಾರಬನದ ಕಾಡು ಶುರುವಾಗುವುದೂ ಇಲ್ಲೇ. ಅಂಜನಿ, ನೇರಳೆ, ಅಳಲೆ ಮರಗಳು ಒತ್ತೊತ್ತಾಗಿ ನಿಂತಿವೆ. ನೆರಳಿರುವ ತಿರುವುಗಳಲ್ಲಿ ಡಾಂಬರಿನ ಮೇಲೆ ತೆಳ್ಳಗೆ ಪಾಚಿ, ಅದರ ಮೇಲೆ ಕೊಳೆತ ಎಲೆ. ಅಲ್ಲಿ ಬ್ರೇಕ್ ಹಿಡಿಯುವುದಾದರೆ ತಿರುವಿಗೆ ಮೊದಲೇ, ಸೈಕಲ್ ನೆಟ್ಟಗಿರುವಾಗಲೇ ಹಿಡಿಯಬೇಕು. ವಾಲಿದ ಮೇಲೆ ಮುಂದಿನ ಬ್ರೇಕ್ ಮುಟ್ಟಲೇಬಾರದು. ನಾನು ಇಳಿಜಾರಿನಲ್ಲಿ ಎರಡು ಬೆರಳನ್ನು ಸದಾ ಬ್ರೇಕ್ ಮೇಲೆ ಇಟ್ಟು, ಬಿಟ್ಟುಬಿಟ್ಟು ಹಿಡಿಯುತ್ತೇನೆ. ಒಂದು ಕಡೆ ತಲೆಯ ಮೇಲೆ ಕೊಂಬೆ ಅಲುಗಿತು. ಕೆಂದಳಿಲು! ಉದ್ದನೆಯ ಬಾಲ ಇಳಿಬಿಟ್ಟುಕೊಂಡು ನಮ್ಮನ್ನೇ ನೋಡಿ, ರಸ್ತೆಯ ಆಚೆ ಮರಕ್ಕೆ ಹಾರಿತು. ಮಹಾರಾಷ್ಟ್ರದ ರಾಜ್ಯ ಪ್ರಾಣಿ ಅದು. ಮೋಟಾರು ಸೈಕಲ್ಲಿನ ಸದ್ದಿನಲ್ಲಿ ಬಂದಿದ್ದರೆ ಕಾಣುತ್ತಿರಲಿಲ್ಲ.

ಭಾಂಬರ್ಡೆ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ತೈಲಬೈಲಾದ ಎರಡು ಬಂಡೆಗೋಡೆಗಳು ದೂರದಲ್ಲಿ ಎದ್ದು ಕಾಣುತ್ತಿದ್ದವು. ನಾನು ಜೋರಾಗಿ ತುಳಿಯುವುದನ್ನು ನೋಡಿ ಅಣ್ಣ ಕೂಗಿದರು, "ಅವಸರ ಮಾಡಬ್ಯಾಡೋ ತಮ್ಮಾ, ಇನ್ನೂ ಸಾಲ್ತರ್ ಏರು ಬಾಕಿ ಐತಿ." ಊರಿನ ಕೊನೆಯ ಮನೆಯ ಮುಂದೆ ನಿಂತು ನೀರು ಕೇಳಿದೆವು. ಆಜಿ ಒಳಗಿಂದ ಮೊದಲು ತಂದದ್ದು ಬೆಲ್ಲದ ಉಂಡೆ. "ಬಾಳಾ, ಕೂತ್ಕೋ. ಮೊದಲು ಇದನ್ನು ಬಾಯಿಗೆ ಹಾಕು, ನೀರು ಆಮೇಲೆ," ಅಂದರು ಮರಾಠಿಯಲ್ಲಿ. ನಮ್ಮ ಮನೆಗಳಲ್ಲೂ ಬಿಸಿಲಿಂದ ಬಂದವರಿಗೆ ಹೀಗೇ ಅಲ್ವಾ? ಆಮೇಲೆ ಅಕ್ಕಿ ರೊಟ್ಟಿ, ಹಸಿಮೆಣಸಿನ ಠೇಚಾ. ಎಲ್ಲಿಯವನು ಎಂದು ಕೇಳಿದರು. ಪಂಢರಪುರದ ಕೆಳಗೆ, ಭೀಮಾ ದಂಡೆ ಅಂದೆ. ವಿಠ್ಠಲನ ಊರಿನ ಹೆಸರು ಕಿವಿಗೆ ಬಿದ್ದದ್ದೇ ಆಜಿ ಕೈ ಮುಗಿದರು. ದುಡ್ಡು ಕೊಡಲು ಹೋದರೆ ಮುಟ್ಟಲಿಲ್ಲ. ಹೋಳಿಗೆ ಕೊಟ್ಟೆ, ಅದನ್ನು ತೆಗೆದುಕೊಂಡರು.

ಸಾಲ್ತರ್ ಏರು ನಿಜಕ್ಕೂ ಕಷ್ಟ. ಸೀಟಿನ ಮೇಲೆ ಕೂತೇ, ಅತಿ ಹಗುರ ಗೇರ್‌ನಲ್ಲಿ, ಉಸಿರಿನ ಲಯ ಕೆಡದ ಹಾಗೆ ತುಳಿದೆ. ಎದ್ದು ನಿಂತು ತುಳಿದರೆ ಒಂದೆರಡು ತಿರುವು ಬೇಗ ಮುಗಿಯಬಹುದು, ತೊಡೆ ಮಾತ್ರ ಸೆಟೆದುಕೊಳ್ಳುತ್ತದೆ. ಬೇಕಾದರೆ ಇಳಿದು ತಳ್ಳಿಕೊಂಡು ಹೋಗಿ, ಅದರಲ್ಲಿ ಅವಮಾನ ಏನೂ ಇಲ್ಲ. ಕೋರಿಗಡ ಕಂಡ ಮೇಲೆ ರಸ್ತೆ ಚೆನ್ನಾಗಿದೆ, ಆದರೆ ಕಾರುಗಳು ಶುರುವಾಗುತ್ತವೆ.

ಯಾವಾಗ ಹೋಗಬೇಕು ಅಂತ ಸ್ನೇಹಿತರು ಕೇಳುತ್ತಾರೆ. ಜುಲೈ, ಆಗಸ್ಟ್ ಬೇಡ. ತಾಮ್ಹಿಣಿ ಮಹಾರಾಷ್ಟ್ರದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಒಂದು. ಮಂಜಿನಲ್ಲಿ ಎದುರಿನ ವಾಹನ ಕಾಣುವುದಿಲ್ಲ, ಜಲಪಾತ ನೋಡಲು ಬರುವವರ ಗದ್ದಲ ಬೇರೆ. ಅಕ್ಟೋಬರ್ ಕೊನೆಯಿಂದ ಜನವರಿವರೆಗೆ ಒಳ್ಳೆಯದು, ಅದೂ ವಾರದ ನಡುವೆ ಒಂದು ದಿನ ರಜೆ ಹಾಕಿ. ಒಬ್ಬರೇ ಹೋಗಬೇಡಿ. ನಿವೆ ಹತ್ತಿರ ಸಿಗ್ನಲ್ ಇರುವಾಗಲೇ ಮನೆಗೆ ಫೋನ್ ಮಾಡಿ, ಲೋಣಾವಳ ತಲುಪುವ ಹೊತ್ತು ಹೇಳಿಬಿಡಿ. ಮಧ್ಯಾಹ್ನ ಹನ್ನೆರಡಾದರೂ ನಿವೆ ತಲುಪದಿದ್ದರೆ ಒಳಗೆ ಹೋಗದೆ ಬಂದ ದಾರಿಯಲ್ಲೇ ಪುಣೆಗೆ ತಿರುಗಿ. ಲೋಣಾವಳದಲ್ಲಿ ಹೊಟ್ಟೆ ತುಂಬಾ ಉಂಡು, ಲೈಟ್ ಹಾಕಿಕೊಂಡು ಹೊರಟರೆ ಕಾಮ್‌ಶೇತ್, ತಳೇಗಾಂವ್, ದೇಹೂ ರೋಡ್ ಎಲ್ಲ ಸಲೀಸು. ಲಾರಿಗಳಿರುತ್ತವೆ, ಎಡ ಅಂಚು ಬಿಡದೆ ಬನ್ನಿ.