ಜಾಝ್ ರೇಡಿಯೋಗೆ ತಿಂಗಳ ದುಡ್ಡು: ನಾನು ಮಾಡಿದ್ದು ಹೀಗೆ

ಕಾರ್ಡ್ ಬೇಡ, ದಾನಿಗಳ ಬ್ಯಾಂಕ್ ಖಾತೆಯಿಂದಲೇ ತಿಂಗಳ ದುಡ್ಡು ಬರಲಿ ಅಂದಾಗ, ಕೇಳುಗರ ದಾನದಿಂದ ನಡೆಯುವ ನಮ್ಮ ಜಾಝ್ ಸ್ಟೇಷನ್ನಿನಲ್ಲಿ ಯಾರೂ ಒಪ್ಪಲಿಲ್ಲ. "ನಮ್ಮ ಕೇಳುಗರು ಅರವತ್ತು ದಾಟಿದವರು. ಖಾತೆ ನಂಬರ್ ಯಾರು ಕೊಡ್ತಾರೆ?" ಎಂದರು. ಈಗ ತಿಂಗಳ ದಾನಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಖಾತೆಯಿಂದಲೇ ಕೊಡುತ್ತಿದ್ದಾರೆ.

ನಾನಿರುವುದು ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ. ಹಗಲು ಸಾಫ್ಟ್‌ವೇರ್ ಕೆಲಸ, ಸಂಜೆ ಈ ಸ್ಟೇಷನ್ನಿನ ಸದಸ್ಯತ್ವದ ಲೆಕ್ಕ. ಮೊದಲು ನಾವು ನಂಬಿದ್ದು ಪ್ಲೆಡ್ಜ್ ಡ್ರೈವ್, ಅಂದರೆ ಕಾರ್ಯಕ್ರಮ ನಿಲ್ಲಿಸಿ ರೇಡಿಯೋದಲ್ಲೇ ಕೇಳುಗರ ಹತ್ತಿರ ದಾನ ಕೇಳುವುದು. ಡ್ರೈವ್ ಉದ್ದವಾದಷ್ಟೂ ಜನ ರೇಡಿಯೋ ಆಫ್ ಮಾಡುತ್ತಿದ್ದರು. ಟೀ ಶರ್ಟ್, ಮಗ್ ಕೊಟ್ಟೆವು. ಅಂಚೆ ಖರ್ಚೂ ಸೇರಿ ದಾನದಲ್ಲಿ ಕಾಲು ಭಾಗ ಅಲ್ಲೇ ಹೋಯಿತು. ಔತಣಕೂಟ ಮಾಡಿದೆವು. ಹಾಲ್ ಬಾಡಿಗೆ, ಊಟ, ಬ್ಯಾಂಡಿನವರ ಸಂಭಾವನೆ ಕಳೆದರೆ ಉಳಿದದ್ದು ಎರಡು ಸಾವಿರ ಡಾಲರ್ ಇರಬಹುದು. ಪ್ರಾಯೋಜಕರಾಗಿ ಒಬ್ಬ ಹೋಟೆಲಿನವರು ಬಂದರು. ಆದರೆ ಅಮೆರಿಕದ ಪ್ರಸಾರ ನಿಯಂತ್ರಣ ಸಂಸ್ಥೆ ಎಫ್‌ಸಿಸಿಯ ನಿಯಮದ ಪ್ರಕಾರ ಪ್ರಾಯೋಜಕರ ಬಗ್ಗೆ ನಾವು ಬೆಲೆ ಹೇಳುವಂತಿಲ್ಲ, "ಬನ್ನಿ" ಅನ್ನುವಂತಿಲ್ಲ, "ಎಲ್ಲರಿಗಿಂತ ಚೆನ್ನ" ಅನ್ನುವಂತಿಲ್ಲ. ಮೂರು ತಿಂಗಳಿಗೆ ಅವರೂ ಬಿಟ್ಟರು.

ಆಮೇಲೆ ಹಳೆಯ ಪಟ್ಟಿ ತೆಗೆದು ಕೂತೆ. ನಿಂತುಹೋದ ದಾನಿಗಳಲ್ಲಿ ಹೆಚ್ಚಿನವರು ಬೇಸರಪಟ್ಟು ಬಿಟ್ಟವರಲ್ಲ. ಕಾರ್ಡಿನ ಅವಧಿ ಮುಗಿದಿತ್ತು, ಇಲ್ಲವೇ ಬ್ಯಾಂಕ್ ಹೊಸ ನಂಬರ್ ಕಳಿಸಿತ್ತು, ಅಷ್ಟೇ. ಜೊತೆಗೆ ಕಾರ್ಡಿನವರು ನೂರು ಡಾಲರಿಗೆ ಎರಡೂವರೆ ಮೂರು ಡಾಲರ್ ಹಿಡಿಯುತ್ತಾರೆ. ಖಾತೆಯಾದರೆ ಕೆಲವು ಸೆಂಟ್ ಸಾಕು.

ವಯಸ್ಸಾದವರು ಕೊಡುವುದಿಲ್ಲ ಅನ್ನುವ ಮಾತೇ ತಲೆಕೆಳಗಾಗಿತ್ತು. ಮೇಜಿನ ಡ್ರಾಯರಿನಲ್ಲಿ ಇನ್ನೂ ಚೆಕ್ ಪುಸ್ತಕ ಇಟ್ಟುಕೊಂಡವರು ಅವರೇ ಅಲ್ವಾ! ಅಂಚೆಯಲ್ಲಿ ಒಂದು ಫಾರಂ, ಸ್ಟ್ಯಾಂಪ್ ಅಂಟಿಸಿದ ವಾಪಸು ಲಕೋಟೆ, "ಒಂದು ಚೆಕ್ ಮೇಲೆ ವಾಯ್ಡ್ (ರದ್ದು) ಅಂತ ಬರೆದು ಇದರಲ್ಲಿಡಿ" ಅನ್ನುವ ಚೀಟಿ. ಖಾತೆ ನಂಬರ್ ಆ ಚೆಕ್ಕಿನಲ್ಲೇ ಇರುತ್ತದೆ. ವಾರ ಬಿಟ್ಟು ಫೋನ್. ಕೇಳಿದ್ದು ತಿಂಗಳಿಗೆ ಏಳು ಡಾಲರ್. ಹತ್ತು ಕೇಳಿದಾಗ "ಯೋಚಿಸುತ್ತೇನೆ" ಅಂದವರು ಏಳಕ್ಕೆ ಆಗಲೇ ಒಪ್ಪಿದರು. ಫೋನಿನಲ್ಲಿ ಮೊದಲ ಮಾತು ಏನು, ಯಾವ ಹೊತ್ತಿಗೆ ಮಾಡಬೇಕು ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ನಮ್ಮ ತಂಡ ಕಷ್ಟಪಟ್ಟು ಕಲಿತದ್ದು.

ಶನಿವಾರ ರಾತ್ರಿ ಇನ್ನೊಂದು ಪ್ರಯೋಗ ಮಾಡಿದೆ. ಕದ್ರಿ ಗೋಪಾಲನಾಥರು 2008ರಲ್ಲಿ ಅಮೆರಿಕದ ಜಾಝ್ ಕಲಾವಿದ ರುದ್ರೇಶ್ ಮಹಾಂತಪ್ಪ ಜೊತೆ ತಂದ ಧ್ವನಿಮುದ್ರಣ ಹಾಕಿದೆ. ಇಬ್ಬರದೂ ಆಲ್ಟೋ ಸ್ಯಾಕ್ಸೊಫೋನ್. ಆಮೇಲೆ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಜೊತೆ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ನುಡಿಸಿದ್ದು, ಆರ್.ಎ. ರಮಾಮಣಿಯವರ ಹಾಡು. ನಮ್ಮ ಕನ್ನಡದವರು ಕೇಳಿದರು, ಕೆಲವರು ಸದಸ್ಯರೂ ಆದರು. ದುಡ್ಡಿನ ಲೆಕ್ಕದಲ್ಲಿ ಅದು ದೊಡ್ಡದಲ್ಲ. ಆದರೂ ಆ ಒಂದು ಗಂಟೆ ನಿಲ್ಲಿಸಲು ನಾನು ಬಿಡುವುದಿಲ್ಲ.

ದುಡ್ಡು ಸಾಲದಿದ್ದರೆ ಜಾಝ್ ಸ್ಟೇಷನ್ನುಗಳೇ ಕೈಬಿಟ್ಟು ಹೋಗಬಹುದು. ಪಿಟ್ಸ್‌ಬರ್ಗ್‌ನಲ್ಲಿ ಡುಕೇನ್ ವಿಶ್ವವಿದ್ಯಾಲಯ 2011ರಲ್ಲಿ ತನ್ನ ಸ್ಟೇಷನ್ ಮಾರಿತು. ಜಾಝ್ ಹೋಯಿತು, ಸುದ್ದಿ ಬಂತು. ಮಾರಾಟಕ್ಕೆ ಬಂದಿದ್ದ ಟಕೋಮಾದ ಕೆಪಿಎಲ್‌ಯು ಸ್ಟೇಷನ್ನಿನ ಕೇಳುಗರು 2016ರಲ್ಲಿ ಕೆಲವೇ ತಿಂಗಳಲ್ಲಿ ಎಪ್ಪತ್ತು ಲಕ್ಷ ಡಾಲರ್ ಕೂಡಿಸಿ ತಮ್ಮ ಸ್ಟೇಷನ್ ಉಳಿಸಿಕೊಂಡರು. ಈಗ ಅದು ಕೆಎನ್‌ಕೆಎಕ್ಸ್. ಆ ಜನರಿಗೆ ಕೈ ಮುಗಿಯುತ್ತೇನೆ. ಆದರೆ ಬೆಂಕಿ ಬಿದ್ದಾಗ ಬರುವ ದುಡ್ಡು ವರ್ಷ ವರ್ಷ ಬರುವುದಿಲ್ಲ.

2025ರ ಜುಲೈನಲ್ಲಿ ಅಮೆರಿಕದ ಸಂಸತ್ತು ಸಾರ್ವಜನಿಕ ಪ್ರಸಾರಕ್ಕೆ ಇಟ್ಟಿದ್ದ ಎರಡು ವರ್ಷದ ಸುಮಾರು 110 ಕೋಟಿ ಡಾಲರ್ ವಾಪಸು ತೆಗೆದುಕೊಂಡಿತು. ಆ ದುಡ್ಡನ್ನು ಸ್ಟೇಷನ್ನುಗಳಿಗೆ ಹಂಚುತ್ತಿದ್ದ, 1967ರ ಕಾನೂನಿನಿಂದ ಹುಟ್ಟಿದ ಸಿಪಿಬಿ ಸಂಸ್ಥೆ ಬಾಗಿಲು ಮುಚ್ಚುತ್ತೇನೆ ಅಂದಿತು. ಅಲ್ಲಿಂದ ನಮಗೆ ಬರುತ್ತಿದ್ದದ್ದು ಬಜೆಟ್ಟಿನ ಎಂಟೊಂಬತ್ತು ಪರ್ಸೆಂಟ್. ಜೊತೆಗೆ ಸ್ಟೇಷನ್ನುಗಳ ಪರವಾಗಿ ಸಂಗೀತದ ರಾಯಲ್ಟಿ ಕಟ್ಟುತ್ತಿದ್ದದ್ದೂ ಸಿಪಿಬಿಯೇ. ಸುದ್ದಿ ಹೇಳುವವರಿಗಿಂತ ದಿನವಿಡೀ ಸಂಗೀತ ಹಾಕುವ ನಮ್ಮಂಥವರಿಗೇ ಈ ಏಟು ಜೋರು. ಆ ತಿಂಗಳು ನಮ್ಮಲ್ಲಿ ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ. ಮುಂದಿನ ತಿಂಗಳು ಎಷ್ಟು ಬರುತ್ತದೆ ಅಂತ ನಮಗೆ ಗೊತ್ತಿತ್ತು: ಹದಿನಾರು ಹದಿನೇಳು ಸಾವಿರ ಡಾಲರ್.

ಮೊದಲು ಬೇಡ ಅಂದವರೇ ಈಗ ಲಕೋಟೆಗೆ ಸ್ಟ್ಯಾಂಪ್ ಅಂಟಿಸುತ್ತಾರೆ. ಕಾರ್ಡಿನಲ್ಲೇ ಉಳಿದವರು ಇನ್ನೂ ಸಾವಿರದಷ್ಟು ಜನ. ಅವರ ಪಟ್ಟಿ ತಯಾರಾಗಿದೆ, ಸೋಮವಾರದಿಂದ ಫೋನ್ ಶುರು.